ಹೊಗೆ ಬಿಡದ ಗಾಡಿ

ಮೊನ್ನೆ ಮಾಲೂರಿನ ಸ್ಪೇರ್ಸ್ ಅಂಗಡಿಯಲ್ಲಿ ಫ್ಯಾನ್ ಬೆಲ್ಟ್ ಕೇಳಿಕೊಂಡು ನಿಂತಿದ್ದೆ. ಪಕ್ಕದಲ್ಲಿದ್ದ ಗಿರಾಕಿಗೆ ತೋರಿಸಲು ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತಿರುಗಿಸಿದ. ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಕಾಯಿಸಿದಂಥ ದಪ್ಪ ವಾಸನೆ. "ಹಳೇ ಇಂಜಿನ್‌ಗೆ ಇದನ್ನ ಆಯಿಲ್ ಜೊತೆ ಹುಯ್ದುಬಿಡಿ ಸಾರ್, ಹೊಗೆ ನಿಂತೋಗುತ್ತೆ" ಅಂದ. ಬೆಲ್ಟ್ ತಗೊಳ್ಳದೇ ಈಚೆ ಬಂದು ಬಸ್ ಸ್ಟ್ಯಾಂಡ್ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬನೇ...

ಅವನನ್ನು ನಾನು ಅಣ್ಣ ಅಂತಿದ್ದೆ. ಒಡಹುಟ್ಟಿದವನಲ್ಲ. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು, ಅಷ್ಟೇ. ಆದರೆ ಗಾಡಿ ಓಡಿಸುವವರಿಗೆ ಗೊತ್ತು, ಆ ಸಂಬಂಧ ಯಾವ ಒಡಹುಟ್ಟಿಗೂ ಕಮ್ಮಿಯಿಲ್ಲ. ಶಿವಾರಪಟ್ಟಣದಲ್ಲಿ ಕೆತ್ತಿದ ಕಲ್ಲಿನ ವಿಗ್ರಹಗಳನ್ನು ಊರೂರಿಗೆ ಮುಟ್ಟಿಸುವುದು ಅವನ ಕೆಲಸ. ಗಾಡಿಯ ತೊಟ್ಟಿಗೆ ಹುಲ್ಲು ಹಾಸಿ, ಮೂರ್ತಿಯನ್ನು ಗೋಣಿಚೀಲದಲ್ಲಿ ಸುತ್ತಿ ಮಲಗಿಸಿ, ಹಗ್ಗ ಬಿಗಿದು ಹೊರಟನೆಂದರೆ ದಾರಿಯುದ್ದಕ್ಕೂ ಬೀಡಿ ಮುಟ್ಟುತ್ತಿರಲಿಲ್ಲ. "ಹಿಂದೆ ದೇವ್ರು ಮಲಗವ್ರೆ ಕಣೋ, ಬ್ರೇಕ್ ಮೆತ್ತಗೆ ಹಾಕು" ಅನ್ನುತ್ತಿದ್ದ. ರೇಷ್ಮೆಹುಳು ಸಾಕುವ ಮನೆಯಿಂದ ಬಂದ ನನಗೆ ಕ್ಲಚ್ಚು ಯಾವುದು, ಗೇರು ಯಾವುದು ಅನ್ನುವುದರಿಂದ ಹಿಡಿದು ಹಂಪ್ ದಾಟಿಸುವುದರವರೆಗೆ ಎಲ್ಲವನ್ನೂ ಬೈದು ಬೈದು ಕಲಿಸಿದ. ನನ್ನ ಮದುವೆಗೆ ಹೆಣ್ಣು ನೋಡಲು ಬಂದವನೂ ಅವನೇ.

ಸೊಂಟ ಹಿಡಿದುಕೊಂಡು ಅವನಿಗೆ ಸೀಟಿನಲ್ಲಿ ಕೂರುವುದೇ ಕಷ್ಟವಾದಾಗ ಒಂದು ದಿನ ನನ್ನನ್ನು ಮನೆಗೆ ಕರೆಸಿದ. "ಗಾಡಿ ಹೊರಗಿನೋರಿಗೆ ಯಾಕೆ ಕೊಡ್ಲಿ? ನೀನೇ ಇಟ್ಕೋ. ನಮ್ಮ ಅನ್ನ ನಮ್ಮಲ್ಲೇ ಇರ್ಲಿ" ಅಂದ. ನನಗೆ ಕಣ್ಣು ತುಂಬಿ ಬಂತು. ಗಾಡಿಗೆ ವಯಸ್ಸಾಗಿತ್ತು, ಕಿಲೋಮೀಟರ್ ಮುಳ್ಳು ಯಾವಾಗಲೋ ನಿಂತುಹೋಗಿತ್ತು, ಅದು ಗೊತ್ತಿದ್ದದ್ದೇ. ಆದರೆ ಅವತ್ತು ಅವನೇ ಕೀ ತಿರುಗಿಸಿ ತೋರಿಸಿದಾಗ ಇಂಜಿನ್ ಹಾಲು ಕುಡಿದ ಮಗುವಿನ ಹಾಗೆ ಸದ್ದಿಲ್ಲದೆ ಇತ್ತು. ಸೈಲೆನ್ಸರಿನಲ್ಲಿ ಒಂದೆಳೆ ಹೊಗೆಯಿಲ್ಲ.

"ಇಂಜಿನ್ ಕೆಲಸ ಏನಾದ್ರೂ ಐತಾ ಅಣ್ಣ?" ಅಂತ ಕೇಳಿದೆ.

"ನನ್ನ ಮೇಲೆ ನಂಬಿಕೆ ಇಲ್ವೇನ್ಲಾ?" ಅಂತ ನಕ್ಕ.

ನಾನೂ ನಕ್ಕೆ. ನನ್ನಲ್ಲಿದ್ದದ್ದನ್ನೆಲ್ಲ ಒಟ್ಟುಮಾಡಿ ಅವನ ಕೈಗಿಟ್ಟು, ಅವನ ಕಾಲಿಗೆ ನಮಸ್ಕರಿಸಿ ಗಾಡಿ ತಂದೆ.

ಸ್ವಲ್ಪ ಕಾಲ ಚೆನ್ನಾಗಿಯೇ ಓಡಿತು. ಆಯಿಲ್ ಬದಲಾಯಿಸುವ ಹೊತ್ತಿಗೆ ಕೋಲಾರದ ಮೆಕ್ಯಾನಿಕ್ ಒಬ್ಬರ ಹತ್ತಿರ ಬಿಟ್ಟೆ. ಅವರು ಅಡಿಯ ಬೋಲ್ಟು ಬಿಚ್ಚಿದರೆ ಎಣ್ಣೆ ಸುರಿಯಲಿಲ್ಲ, ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಬೆರಳಲ್ಲಿ ತೆಗೆದು ಮೂಸಿ ನೋಡಿ, "ಇದಕ್ಕೆ ಯಾರೋ ಡಬ್ಬಿ ಹಾಕವ್ರೆ. ಒಂದಲ್ಲ, ಮೇಲಿಂದ ಮೇಲೆ" ಅಂದರು. ಹೊಸ ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದ್ದೇ ತಡ, ನೀಲಿ ಹೊಗೆ ಶೆಡ್ಡಿನ ತುಂಬ ಕವಿಯಿತು. ಒಳಗೆ ಕಟಕಟ ಸದ್ದು.

"ಕರಿ ಹಿಡಿದು ಪಿಸ್ಟನ್ ರಿಂಗು ಅಂಟ್ಕೊಂಡಿದ್ರೆ, ಕ್ಲೀನ್ ಮಾಡೋ ಔಷಧಿ ಒಂಚೂರು ಬಿಡಿಸಬಹುದು" ಅಂದರು ಅವರು. "ಆದ್ರೆ ಕಬ್ಬಿಣವೇ ಸವೆದೋಗಿದ್ರೆ ಡಬ್ಬಿ ಏನು ಮಾಡುತ್ತೆ? ಎಣ್ಣೇನ ಗಟ್ಟಿ ಮಾಡಿ ಹೊಗೆ ಮುಚ್ಚಿಡುತ್ತೆ. ಇಂಜಿನ್ ಬಿಚ್ಚಲೇಬೇಕು."

ನಾನು ಅಲ್ಲಿಂದ ನೆಟ್ಟಗೆ ಅಣ್ಣನ ಮನೆಗೆ ಹೋದೆ. ಅವನು ಒಂದು ಚೂರೂ ಅಳುಕಲಿಲ್ಲ. "ಆ ಮೆಕ್ಯಾನಿಕ್‌ಗಳಿಗೆ ಬಿಚ್ಚಿದ್ರೆ ತಾನೇ ಹೊಟ್ಟೆಪಾಡು? ನಾನು ಎಷ್ಟು ವರ್ಷದಿಂದ ಓಡಿಸ್ತಿದೀನಿ. ವಯಸ್ಸಾದೋರಿಗೆ ಟಾನಿಕ್ ಇದ್ದಂಗೆ ಅದು" ಅನ್ನುತ್ತ ಒಳಗಿನಿಂದ ಒಂದು ಡಬ್ಬಿ ತಂದುಕೊಟ್ಟ. ಕಲಿಸಿದ ಗುರುವಿನ ಮಾತೋ, ಒಂದು ಸಲ ಮಾತ್ರ ಗಾಡಿ ನೋಡಿದ ಮೆಕ್ಯಾನಿಕ್‌ನ ಮಾತೋ? ಡಬ್ಬಿ ಹಾಕಿದೆ. ಹೊಗೆ ನಿಂತಿತು. ಅಣ್ಣನೇ ಸರಿ ಅಂದುಕೊಂಡೆ...

ಅದಾದ ಮೇಲೆ ಬೇಸಿಗೆಯಲ್ಲಿ ನಂಗಲಿ ಹತ್ತಿರದ ಒಂದು ಹಳ್ಳಿಗೆ ನನ್ನ ಗಾಡಿಯಲ್ಲಿ ಗಂಗಮ್ಮನ ಮೂರ್ತಿ ಹೊರಟಿತು. ಕೆತ್ತಿದ ಶಿಲ್ಪಿ ವಯಸ್ಸಾದವರು, ಮಳೆಗಾಲದಿಂದ ಅದರ ಮುಂದೆಯೇ ಕೂತಿದ್ದವರು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಗಾಡಿಯ ಸುತ್ತ ಓಡಾಡಿ, "ಜೋಪಾನ ಕಣಪ್ಪ" ಅಂದರು. ಮುಳಬಾಗಿಲು ದಾಟಿ ಒಂದು ಏರು ಹತ್ತುತ್ತಿದ್ದಾಗ ಇಂಜಿನ್ ಒಮ್ಮೆ ಕಿರ್ರೆಂದು ನಿಂತುಬಿಟ್ಟಿತು. ಸುಟ್ಟ ವಾಸನೆ. ಎಷ್ಟು ಕೀ ತಿರುಗಿಸಿದರೂ ಇಂಜಿನ್ ಅಲುಗಲಿಲ್ಲ. ಆಮೇಲೆ ಬಿಚ್ಚಿದಾಗ ತಿಳಿಯಿತು, ಆ ಗಟ್ಟಿ ಎಣ್ಣೆ ಕರಿಯ ಜೊತೆ ಸೇರಿ ರಾಡಿಯಾಗಿ, ಎಣ್ಣೆ ಎಳೆಯುವ ಜಾಲರಿಯನ್ನೇ ಮುಚ್ಚಿಹಾಕಿತ್ತು. ಇಂಜಿನ್ ಒಣಗಿ ಕಚ್ಚಿಕೊಂಡಿತ್ತು.

ಪ್ರತಿಷ್ಠೆಯ ಹೊತ್ತು ಮೀರುತ್ತದೆಂದು ಹಳ್ಳಿಯವರು ಟ್ರ್ಯಾಕ್ಟರ್ ತಂದರು. ಗಾಡಿಯಿಂದ ಟ್ರೇಲರಿಗೆ ಹಲಗೆ ಕೊಟ್ಟು ಮೂರ್ತಿಯನ್ನು ಸರಿಸುವಾಗ, ಪಕ್ಕದಲ್ಲಿ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ಬೆಚ್ಚಿದ ಒಬ್ಬನ ಕೈಯಿಂದ ಹಗ್ಗ ಜಾರಿತು. ಗಂಗಮ್ಮನ ಬಲಗೈ ಕಬ್ಬಿಣದ ಅಂಚಿಗೆ ತಗುಲಿ ಕಿರುಬೆರಳು ಮುರಿಯಿತು. ಕಡಲೆಕಾಯಿಯಷ್ಟು ಕಲ್ಲು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ಎಲ್ಲರಿಗೂ ಗೊತ್ತಿತ್ತು.

ಊರಿನ ಹಿರಿಯರೊಬ್ಬರು ನನ್ನನ್ನೇ ನೋಡುತ್ತ, "ಏಮಪ್ಪಾ, ಮಾ ತಲ್ಲಿನಿ ರೋಡ್ಲೋ ನಿಲಬೆಟ್ಟೇಸ್ತಿವೇ" ಅಂದರು. ನಮ್ಮ ತಾಯಿಯನ್ನ ರಸ್ತೇಲಿ ನಿಲ್ಲಿಸಿಬಿಟ್ಟೆಯಲ್ಲಪ್ಪ ಅಂತ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಮೂರ್ತಿಯನ್ನು ಕೆರೆಗೆ ಬಿಟ್ಟರು. ಶಿಲ್ಪಿ ಬೈಯಲಿಲ್ಲ. ನಾನು ತಂದುಕೊಟ್ಟ ಮುರಿದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಅವರು ನನ್ನನ್ನು ಬಾಡಿಗೆಗೆ ಕರೆಯಲೇ ಇಲ್ಲ. ಅವರು ಕರೆಯದ ಮೇಲೆ ಶಿವಾರಪಟ್ಟಣದಲ್ಲಿ ಇನ್ಯಾರೂ ಕರೆಯಲಿಲ್ಲ.

ಅಣ್ಣನ ಜೊತೆ ಕೊನೆಯ ಸಲ ಮಾತಾಡಿದ್ದು ಆಗಲೇ, ಅವನ ಮನೆಯಲ್ಲಿ. ಅವನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ನಾನು ನಿಂತೇ ಕೇಳಿದೆ. "ನಿಂಗೆ ಮೊದ್ಲೇ ಗೊತ್ತಿತ್ತಾ ಅಣ್ಣ?"

ಲೋಟ ಕೆಳಗಿಟ್ಟ. "ಎಣ್ಣೆ ನೀನೇ ಸರಿಯಾಗಿ ನೋಡ್ಕೊಂಡಿಲ್ಲ" ಅಂತ ಶುರುಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ.

"ಗೊತ್ತಿತ್ತು ಕಣೋ. ಇನ್ನೊಂದೆರಡು ವರ್ಷ ಹೆಂಗೋ ಎಳೆಯುತ್ತೆ ಅಂದ್ಕೊಂಡಿದ್ದೆ."

"ಹಂಗಾದ್ರೆ ಬೇರೆ ಯಾರಿಗಾದ್ರೂ ಮಾರಬಹುದಿತ್ತಲ್ಲ?"

"ಬೇರೆಯೋರು ಮೆಕ್ಯಾನಿಕ್‌ನ ಕರ್ಕೊಂಡು ಬಂದು ಬಿಚ್ಚಿ ನೋಡೋರು" ಅಂದ, ನೆಲ ನೋಡುತ್ತ. "ನೀನು ನೋಡಲ್ಲ ಅಂತ ಗೊತ್ತಿತ್ತು."

ಅವನ ಹೆಂಡತಿ ನನಗೂ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅದನ್ನು ಮುಟ್ಟದೆ ಮೆಟ್ಟಿಲಿಳಿದೆ...

ಗಾಡಿಯನ್ನು ಗುಜರಿಗೆ ಹಾಕಿದೆ. ಬೇರೆಯವರ ಟೆಂಪೋದಲ್ಲಿ ಟೊಮೇಟೊ ಹೊಡೆದೆ, ಇಟ್ಟಿಗೆ ಹೊಡೆದೆ. ಈಗ ನನ್ನದೇ ಇನ್ನೊಂದು ಗಾಡಿಯಿದೆ. ಆದರೆ ವಿಗ್ರಹದ ಬಾಡಿಗೆ ಮತ್ತೆ ಸಿಗಲಿಲ್ಲ, ನಾನೂ ಕೇಳಲಿಲ್ಲ.

ಅಣ್ಣ ತೀರಿಕೊಂಡು ವರ್ಷವಾಗುತ್ತ ಬಂತು. ಸುದ್ದಿ ಬಂದಾಗ ಹೋಗಬಾರದು ಅಂದುಕೊಂಡೇ ಹೋದೆ. ಅಂಗಳದ ಕೊನೆಯಲ್ಲಿ ನಿಂತಿದ್ದ ನನ್ನ ಬಳಿ ಅವನ ಹೆಂಡತಿ ಬಂದು, "ನಿನ್ನನ್ನ ಕೇಳ್ತಾನೇ ಇದ್ರು ಕಣಪ್ಪ, ಬಂದ್ನಾ ಬಂದ್ನಾ ಅಂತ" ಅಂದರು. ನನಗೆ ಅಳು ಬರಲಿಲ್ಲ. ಬರಲಿ ಅಂತ ಕಾದೆ...

ಮೊನ್ನೆ ಆ ಕಟ್ಟೆಯ ಮೇಲೆ ಕೂತಾಗ ಬಂತು. ಆಮೇಲೆ ಮುಖ ಒರೆಸಿಕೊಂಡು ಏಳುವಾಗ ಇನ್ನೊಂದು ನೆನಪಾಯಿತು. ಹೋದ ತಿಂಗಳು ನನ್ನ ಸ್ವಂತ ತಮ್ಮ ಒಂದು ಹಳೇ ಬೈಕ್ ಕೊಡುತ್ತೇನೆ ಅಂದಾಗ, ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿದ್ದೆ. ತಮ್ಮನ ಮುಖ ಸಣ್ಣಗಾಯಿತು. ಕಣ್ಣು ಮುಚ್ಚಿ ನಂಬಲು ಲೋಕದಲ್ಲಿ ನನಗೆ ಒಬ್ಬನಿದ್ದ. ಅವನಾದ ಮೇಲೆ ಇನ್ನೊಬ್ಬ ಸಿಗಲಿಲ್ಲ.