ಟ್ಯಾಬಿನೊಳಗಿನ ಮುದುಕ

ಜನರಿಂದ ತಪ್ಪು ಮಾಡಿಸುವುದೇ ನನ್ನ ಉದ್ಯೋಗ. ಬಸವಕಲ್ಯಾಣದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಹೊಸದಾಗಿ ಕೆಲಸ ಕಲಿಯುವವರು ಟ್ಯಾಬಿನಲ್ಲಿ ಆಡಿ ಕಲಿಯುವ ಆಟಗಳನ್ನು ಮಾಡುತ್ತೇನೆ. ನಿಜವಾದ ಕೆಲಸದಲ್ಲಿ ಎಡವಿದರೆ ನಷ್ಟ, ನನ್ನ ಆಟದಲ್ಲಿ ಎಷ್ಟು ಎಡವಿದರೂ ಯಾರ ಗಂಟೂ ಹೋಗುವುದಿಲ್ಲ. ಇದನ್ನು ಅವ್ವನಿಗೆ ತಿಳಿಸಿ ಹೇಳಲು ಹೋಗಿ ಸೋತಿದ್ದೇನೆ. "ಸಾಲ್ಯಾಗ ತಪ್ಪು ಮಾಡಬ್ಯಾಡ ಅಂತ ಹೊಡದು ಕಲಿಸ್ಯಾರ, ನೀ ತಪ್ಪು ಮಾಡ್ಸಾಕ ಪಗಾರ ತಗೋತಿ" ಎಂಬುದು ಅವಳ ತೀರ್ಪು.

ಒಮ್ಮೆ ಹುಮನಾಬಾದಿನ ಸುತ್ತಲ ಹಳ್ಳಿಗಳಲ್ಲಿ ಹಾಲು ಸಂಗ್ರಹದ ಹೊಸ ಕೇಂದ್ರಗಳನ್ನು ತೆರೆಯುವವರು ಅವನ್ನು ನಡೆಸಲಿದ್ದ ಹೆಂಗಸರಿಗೆ ಆಟ ಮಾಡಿಕೊಡಲು ಹೇಳಿದರು. ಆಟ ಸರಳ. ಪರದೆಯ ಮೇಲೆ ಒಬ್ಬೊಬ್ಬರೇ ಹಾಲು ತರುತ್ತಾರೆ. ಒಂದು ಚಮಚ ಹಾಲು ಕಾಸಿ ನೋಡಬೇಕು, ಒಡೆದರೆ ವಾಪಸು ಕಳಿಸಬೇಕು. ಕೆಟ್ಟ ಹಾಲು ತೆಗೆದುಕೊಂಡರೆ ದೊಡ್ಡ ಕ್ಯಾನು ಪೂರ್ತಿ ಕೆಟ್ಟು, ಗೊಳಗೊಳ ಎಂದು ಅಸಹ್ಯ ಸದ್ದು ಬರುತ್ತದೆ. ಅದು ನನ್ನ ಅಣ್ಣ ಬಾಯಿ ಮುಕ್ಕಳಿಸುವ ಸದ್ದು. ಅವನಿಗೆ ಇನ್ನೂ ಹೇಳಿಲ್ಲ.

ಹುಮನಾಬಾದಿನಲ್ಲಿ ಕೆಲವು ದಿನ ತರಬೇತಿ ನಡೆಯಿತು. ಬಂದವರಲ್ಲಿ ಎಲ್ಲರಿಗಿಂತ ಚುರುಕಾದವಳು ಹುಡಗಿ ಎಂಬ ಊರಿನ ಒಬ್ಬ ಸೊಸೆ. ಯಾರ ಹಾಲು ಕೆಟ್ಟರೂ ಕಣ್ಣು ಮಿಟುಕಿಸದೆ ವಾಪಸು ಕಳಿಸುತ್ತಿದ್ದಳು. ಆದರೆ ರುಮಾಲು ಸುತ್ತಿದ ಮುದುಕನೊಬ್ಬ ಪರದೆಗೆ ಬಂದದ್ದೇ ತಡ, ಸೆರಗು ತಲೆ ಮೇಲೆ ಎಳೆದುಕೊಂಡು ಒಡೆದ ಹಾಲನ್ನು ತೆಗೆದುಕೊಂಡಳು. ಗೊಳಗೊಳ. ಮತ್ತೆ ಆಡಿಸಿದೆ. ಮತ್ತೆ ಗೊಳಗೊಳ. ನನ್ನ ಆಟವೇ ಕೆಟ್ಟಿದೆಯೆಂದು ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದೆ.

ಹಾಲು ಒಡೆದದ್ದು ಕಾಣಲಿಲ್ಲವೇ ಎಂದು ಕೇಳಿದೆ. ಕಂಡಿತು ಅಂದಳು. ಮತ್ತೆ ಯಾಕೆ ತಗೊಂಡೆ ಅಂದರೆ, ಮುದುಕನಿಗೆ ಕೇಳಿಸೀತು ಎಂಬಂತೆ ದನಿ ತಗ್ಗಿಸಿದಳು.

"ಹಿರ್ಯಾರ ಹಾಲು ಹೊಳ್ಳಿ ಹ್ಯಾಂಗ ಕಳಿಸಬೇಕ್ರಿ ಅಕ್ಕಾರ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವನು ಮನುಷ್ಯನಲ್ಲ, ಚಹಾ ಕುಡಿಯುತ್ತಾ ನಾನೇ ಬರೆದ ಚಿತ್ರ, ಬೇಸರ ಬಂದು ಅವನಿಗೆ ಕಾಲು ಸಹ ಬರೆದಿಲ್ಲ ಎಂದು ಕೂಗಾಡಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಕ್ಕು ಕಾಲಿಲ್ಲದವನ ಹಾಲು ಮತ್ತೆ ತೆಗೆದುಕೊಂಡಳು. ರುಮಾಲು ತೆಗೆದು ಅದೇ ಮುಖಕ್ಕೆ ಕರಿ ಮೀಸೆ, ಟೋಪಿ ಹಾಕಿ ನೋಡಿದೆ. ಆ ಹುಡುಗನನ್ನು ಬೈದೇ ಓಡಿಸಿದಳು.

ಇನ್ನು ಮುದುಕನನ್ನೇ ಆಟದಿಂದ ಕಿತ್ತುಹಾಕೋಣ ಎಂದುಕೊಂಡಿದ್ದೆ. ಅಂದು ಊಟದ ಹೊತ್ತಿಗೆ ಅವಳು ಪಕ್ಕಕ್ಕೆ ಬಂದು ಕೂತು ನಿಜ ಹೇಳಿದಳು. ಅವಳ ಊರಿನ ಕೇಂದ್ರ ಅವರ ಓಣಿಯಲ್ಲೇ ತೆರೆಯಲಿತ್ತು. ಸಂಜೆ ಮೊದಲು ಹಾಲು ತರುವವರು ಅವಳ ಮಾವನೇ. ಬೇಸಿಗೆಯಲ್ಲಿ ಅವರ ಹಾಲು ಹುಳಿಯಾಗದೆ ಬಂದರೆ ಅದೃಷ್ಟ. ಅವರದನ್ನು ತೆಗೆದುಕೊಂಡರೆ ಊರಿನವರೆಲ್ಲರ ಕೆಟ್ಟ ಹಾಲು ತೆಗೆದುಕೊಳ್ಳಬೇಕು, ಆಗ ಕೇಂದ್ರವೂ ಹೋಯಿತು, ಅವಳ ಕೆಲಸವೂ ಹೋಯಿತು. ವಾಪಸು ಕಳಿಸಿದರೆ ಅದೇ ಮನೆಗೆ ಹೋಗಿ ಅವರಿಗೆ ರೊಟ್ಟಿ ಬಡಿಸಬೇಕು. ಮದುವೆಯಾದಾಗಿನಿಂದ ಆ ಮನುಷ್ಯನಿಗೆ ಅವಳು ಒಂದಕ್ಕೂ ಇಲ್ಲ ಅಂದವಳಲ್ಲ.

ನಾನು ಮುದುಕನನ್ನು ಕೀಳಲಿಲ್ಲ. ಇನ್ನಷ್ಟು ಕೆಟ್ಟವನನ್ನಾಗಿ ಮಾಡಿದೆ. ನನ್ನ ದನಿಯನ್ನೇ ದಪ್ಪ ಮಾಡಿ ಅವನಿಗೆ ಕೆಮ್ಮು ಕೊಟ್ಟೆ, ಯಾರ ಸೊಸಿ ನೀ ಎಂದು ಕೇಳಿಸಿದೆ. ಪಾಪ, ಅವಳು ಅವನಿಗೆ ಸೋತೇ ಸೋತಳು. ಗೊಳಗೊಳ ಸದ್ದು ಕೇಳಿ ಕೇಳಿ, ಚಹಾ ತರುವವನು ಒಳಗೆ ಯಾರಿಗೆ ಮೈಯಲ್ಲಿ ಆರಾಮಿಲ್ಲ ಎಂದು ವಿಚಾರಿಸಿದ. ಕೊನೆಗೊಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ವಾಪಸಿನ ಗುಂಡಿ ಒತ್ತಿಯೇ ಬಿಟ್ಟಳು. ಮುದುಕ ಗೊಣಗುತ್ತಾ ಹೋದ. ಆಮೇಲೆ ಬೇರೆ ಯಾರನ್ನೂ ಪರದೆಗೆ ಕರೆಯದೆ, ಸಂಜೆಯವರೆಗೆ ಅವನೊಬ್ಬನನ್ನೇ ಕರೆದು ಕರೆದು ಕಳಿಸಿದಳು.

ಹುಡಗಿ ಊರಿನಲ್ಲಿ ಕೇಂದ್ರ ತೆರೆದ ಸಂಜೆ ನಾನೂ ಹೋಗಿದ್ದೆ. ಮಾವ ಮೊದಲು ಬಂದರು. ಅವರ ಮೀಸೆಯ ಮುಂದೆ ನಾನು ಬರೆದ ಮುದುಕ ಏನೇನೂ ಅಲ್ಲ. ಅವಳು ಒಂದು ಚಮಚ ಹಾಲು ಕಾಸಿದಳು. ಒಡೆಯಿತು. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು, ಇಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ ಶುರುಮಾಡುವ ಹಾಗಿರಲಿಲ್ಲ.

"ಮಾವಾರ, ಹಾಲು ಒಡದಾವ್ರಿ. ಹೊಳ್ಳಿ ಒಯ್ರಿ" ಅಂದಳು.

ಅವರು ಚಮಚವನ್ನು ನೋಡಿದರು, ಸೊಸೆಯನ್ನು ನೋಡಿದರು. ಕ್ಯಾನು ಎತ್ತಿಕೊಂಡು ಹಿಂದೆ ನಿಂತವನ ಕಡೆ ತಿರುಗಿದರು.

"ನಂದ ಹೊಳ್ಳಿ ಕಳಿಸ್ಯಾಳ. ನಿಂದು ಮೊದ್ಲ ಮೂಸಿ ನೋಡ್ಕೋ."

ಹಿಂದಿನವನು ಮುಚ್ಚಳ ತೆಗೆದು ಮೂಸಿದ, ಮತ್ತೆ ಮುಚ್ಚಿಕೊಂಡು ಮನೆ ಕಡೆ ನಡೆದ. ಅವನ ಹಿಂದೆ ಇನ್ನಿಬ್ಬರು ನಡೆದರು.