ಮೈಕಿನ ಪಾಲಾದ ಫೋನು

ನಮ್ಮ ಯುವಕ ಮಂಡಲದ ವರದಿಯ ಪ್ರಕಾರ ಆ ಭಾನುವಾರ ಮೂರು ಸಂಗತಿಗಳು ನಡೆದವು: ಯೋಧನ ಮನೆಗೆ ಶ್ರಮದಾನದಿಂದ ರಸ್ತೆಯಾಯಿತು, ಗಡಿಯಲ್ಲಿರುವ ಯೋಧನೊಂದಿಗೆ ನೇರ ಸಂವಾದವಾಯಿತು, ಸಂತೋಷದಿಂದ ಅವರ ಪತ್ನಿಯ ಕಣ್ಣು ತುಂಬಿ ಬಂತು. ಮೊದಲನೆಯದನ್ನು ಒಪ್ಪುತ್ತೇನೆ. ರಸ್ತೆ ನಿಜವಾಗಿಯೂ ಆಯಿತು, ಚೆನ್ನಾಗಿಯೂ ಆಯಿತು. ಉಳಿದೆರಡಕ್ಕೆ ನನ್ನ ತಕರಾರಿದೆ. ಆ ದಿನ ಮೈಕ್ ಹಿಡಿದು ನಿಂತವಳು ನಾನೇ ಆದ್ದರಿಂದ ಸಾಕ್ಷಿಗೆ ಬೇರೆಯವರನ್ನು ಹುಡುಕಬೇಕಾಗಿಲ್ಲ.

ಮನೆ ಇರುವುದು ಬೆಳ್ಳಾರೆಯಿಂದ ಒಳಗೆ. ಡಾಮರು ರಸ್ತೆಯಿಂದ ಅಂಗಳಕ್ಕೆ ಕಡಿದಾದ ಇಳಿಜಾರು, ಆಟೋ ಇಳಿಯುತ್ತಿರಲಿಲ್ಲ. ಸೊಂಟದ ನೋವಿನಿಂದ ನಡೆಯಲಾಗದ ಅತ್ತೆಯನ್ನು, ಅಂದರೆ ಯೋಧನ ತಾಯಿಯನ್ನು, ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೇಲೆ ತರಬೇಕಿತ್ತು. ಪುತ್ತೂರಿನ ಡಾಕ್ಟರು ಆಪರೇಷನ್ ಆಗಲೇಬೇಕು ಎಂದಿದ್ದರು. ಮಗ ಬಾರದೆ ಅದಕ್ಕೆ ಮಲಗುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಆಸ್ಪತ್ರೆಯವರು ಒಂದು ದಿನಾಂಕವನ್ನು ಹಿಡಿದಿಟ್ಟಿದ್ದರು, ಬೇಕೋ ಬೇಡವೋ ಎಂದು ಸೋಮವಾರ ಬೆಳಗ್ಗೆ ಹೇಳಬೇಕು. ಮಗನಿದ್ದ ಜಾಗದಿಂದ ಹತ್ತು ಹದಿನೈದು ದಿನಕ್ಕೊಮ್ಮೆ ಮಾತ್ರ ಫೋನು.

ಜಾಗ ನೋಡಲು ಹೋದಾಗಲೇ ಅಕ್ಕ, ಅಂದರೆ ಯೋಧನ ಹೆಂಡತಿ, ನಮಗೆ ಸ್ಪಷ್ಟವಾಗಿ ಹೇಳಿದ್ದರು.

"ಭಾನುವಾರ ಹನ್ನೊಂದು ಗಂಟೆಗೆ ಇವರ ಫೋನ್ ಬರ್ಲಿಕ್ಕುಂಟು. ಆಗ ಒಂದು ಹತ್ತು ನಿಮಿಷ ನನ್ನನ್ನು ಬಿಡಿ. ರಜೆ ಸಿಕ್ಕಿತಾ ಅಂತ ಕೇಳ್ಬೇಕು."

"ಅದಕ್ಕೆಂತ ಅಕ್ಕ, ಆರಾಮಲ್ಲಿ ಮಾತಾಡಿ," ಎಂದರು ನಮ್ಮ ಅಧ್ಯಕ್ಷರು. "ನೀವು ಎಂತದೂ ಮಾಡುದು ಬೇಡ. ಒಂದು ಗಂಜಿ ಮಾಡಿದ್ರೆ ಸಾಕು."

ಒಂದು ಗಂಜಿ, ಮೂವತ್ತೈದು ಜನಕ್ಕೆ. ನಮ್ಮ ಕಡೆ ಶ್ರಮದಾನಕ್ಕೆ ಬಂದವರು ಕೂಲಿ ಮುಟ್ಟುವುದಿಲ್ಲ, ಆದರೆ ಊಟ ಮನೆಯವರದ್ದೇ. ಬೆಳಗ್ಗೆ ಏಳಕ್ಕೆ ಸಜ್ಜಿಗೆ ಅವಲಕ್ಕಿ, ಒಂಬತ್ತಕ್ಕೆ ಚಾ, ಮಧ್ಯಾಹ್ನಕ್ಕೆ ಗಂಜಿ, ಚಟ್ನಿ, ಪಲ್ಯ. ನಾವು ಜಲ್ಲಿ ಹೊರುತ್ತಿದ್ದಾಗ ಅಕ್ಕ ನೆರೆಮನೆಯವರೊಂದಿಗೆ ಹಿತ್ತಲಿನ ಒಲೆಯ ಮುಂದೆ ಬೇಯುತ್ತಿದ್ದರು.

"ಗೌರವಿಸ್ಲಿಕ್ಕೆ ಬಂದವರು ನಾವು, ಬಡಿಸುದು ಅವರು. ಇದು ಯಾವ ನ್ಯಾಯ?" ಎಂದೆ.

"ನೀನೊಂದು ಮಾರಾಯ್ತಿ, ಎಲ್ಲದಕ್ಕೂ ಪಾಯಿಂಟ್ ಹಾಕ್ತಿ," ಎಂದರು ಅಧ್ಯಕ್ಷರು. "ಉಣ್ಣದೆ ಹೋದ್ರೆ ಅವರಿಗೇ ಬೇಸರ ಆಗ್ತದೆ."

ಈ ವಾದವನ್ನು ನನಗೆ ಮುರಿಯಲಾಗಲಿಲ್ಲ. ಬೇಸರ ಖಂಡಿತ ಆಗುತ್ತಿತ್ತು. ಆದರೆ ಆ ಬೇಸರವನ್ನು ಅವರಿಗೆ ಕಲಿಸಿದವರು ಯಾರು ಎಂದು ಕೇಳುವಷ್ಟರಲ್ಲಿ ಅಧ್ಯಕ್ಷರು ಸಿಮೆಂಟಿನ ಕಡೆ ಹೋಗಿದ್ದರು.

ಹತ್ತೂವರೆಗೆ, ರಸ್ತೆ ಇನ್ನೂ ಅರ್ಧವಿರುವಾಗ, ಕೆಲಸ ನಿಲ್ಲಿಸಿ ಒಂದು ಸಣ್ಣ ಸಭೆ. ಶಾಲು, ಹಾರ, ಸ್ಮರಣಿಕೆ. ಶಾಲು ಹೊದ್ದುಕೊಂಡೇ ಅಕ್ಕ ಮತ್ತೆ ಒಲೆಯ ಹತ್ತಿರ ಓಡಿದರು. ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತಿಗೆ ಫೋನು ಬಂತು. ಅಕ್ಕ ಸೌಟನ್ನು ನೆರೆಮನೆಯವರ ಕೈಗಿತ್ತು, ಬಸಳೆ ಚಪ್ಪರದ ಪಕ್ಕ, ಸಿಗ್ನಲ್ ಸಿಗುವ ಒಂದೇ ಮೂಲೆಗೆ ಹೋಗಿ ಮನೆಮಾತಾದ ಅರೆಭಾಷೆಯಲ್ಲಿ ಮಾತು ಶುರು ಮಾಡಿದರು.

"ಯೋಧರ ಫೋನ್," ಎಂದರು ಅಧ್ಯಕ್ಷರು ನನ್ನ ಕಿವಿಯಲ್ಲಿ. "ಅನೌನ್ಸ್ ಮಾಡು."

ಮಾಡಿದೆ. ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಮೈಕನ್ನು ಸುಮ್ಮನೆ ಬಿಡಬಾರದು ಎಂದು. ಯೋಚನೆಗೆ ಮೊದಲೇ ವಾಕ್ಯ ಹೊರಟುಹೋಗಿತ್ತು: ಈಗ ನಮ್ಮೊಂದಿಗೆ ಮಾತನಾಡಲಿದ್ದಾರೆ, ನಮ್ಮ ಹೆಮ್ಮೆಯ ಯೋಧರು. ಅಧ್ಯಕ್ಷರು ಬಹಳ ಗೌರವದಿಂದ, ಎರಡೂ ಕೈಯಿಂದ, ಅಕ್ಕನ ಕೈಯಲ್ಲಿದ್ದ ಫೋನನ್ನು ತೆಗೆದುಕೊಂಡು ಸ್ಪೀಕರಿಗೆ ಹಾಕಿ, ಚಪ್ಪರದ ತನಕ ನಾನು ಎಳೆದು ತಂದ ಮೈಕಿನ ಹತ್ತಿರ ಹಿಡಿದರು.

"ಸ್ವಲ್ಪ ಕನ್ನಡದಲ್ಲಿ ಮಾತಾಡಿ ಸರ್, ಎಲ್ಲರಿಗೂ ಅರ್ಥ ಆಗ್ಲಿ."

ಅರೆಭಾಷೆ ಅರ್ಥವಾಗದವರು ಅಲ್ಲಿ ಒಬ್ಬರೂ ಇರಲಿಲ್ಲ. ಆ ಕಡೆಯಿಂದ ಶಾಲೆಯಲ್ಲಿ ಪಾಠ ಒಪ್ಪಿಸುವ ಧ್ವನಿ: "ತಮಗೆಲ್ಲರಿಗೂ ನಮಸ್ಕಾರ. ನಾನು ಕ್ಷೇಮವಾಗಿದ್ದೇನೆ. ರಸ್ತೆ ಮಾಡಿದ್ದಕ್ಕೆ ಧನ್ಯವಾದಗಳು."

"ಅಲ್ಲಿ ಚಳಿ ಹೇಗುಂಟು ಸರ್?"

"ಇದೆ. ಸ್ವಲ್ಪ ಜಾಸ್ತಿ ಇದೆ."

"ಇಲ್ಲಿಗೆ ಸ್ವಲ್ಪ ಕಳಿಸಿ ಮಾರಾಯ್ರೆ," ಎಂದ ಒಬ್ಬ, ಬೆನ್ನಿನ ಬೆವರು ಒರೆಸುತ್ತಾ. ಎಲ್ಲರೂ ನಕ್ಕರು. ಕಾರ್ಯದರ್ಶಿ ಎರಡು ಮಾತಾಡಿದರು. ಮಾಜಿ ಅಧ್ಯಕ್ಷರು ನಾಲ್ಕು ಮಾತಾಡಿದರು. ಅಕ್ಕ ಎರಡು ಸಲ ಕೈ ಚಾಚಿದರು. ಎರಡು ಸಲವೂ ಅಧ್ಯಕ್ಷರು, ಒಂದು ನಿಮಿಷ ಅಕ್ಕ, ಎಂಬಂತೆ ತಲೆಯಾಡಿಸಿದರು. ಕೇಳಬೇಕಾದುದನ್ನು ಅಕ್ಕ ಅಲ್ಲೇ ಕೂಗಿ ಕೇಳಬಹುದಿತ್ತು ಎಂದು ಯಾರಾದರೂ ವಾದಿಸಬಹುದು. ಅತ್ತೆಯ ಸೊಂಟದ ವಿಷಯವನ್ನು ಮೂವತ್ತೈದು ಜನರೆದುರು ಮೈಕಿನಲ್ಲಿ ಕೇಳುವ ಸೊಸೆಯನ್ನು ಅವರು ತೋರಿಸಲಿ.

"ಅವಳಿಗೆ ಒಮ್ಮೆ ಕೊಡಿ, ಒಂದು ವಿಷಯ..." ಎಂದಿತು ಫೋನು. ಅಷ್ಟಕ್ಕೇ ಕಡಿದುಹೋಯಿತು. ಅಕ್ಕ ಮೂರು ನಾಲ್ಕು ಸಲ ತಿರುಗಿ ಮಾಡಿದರು, ಹತ್ತಲಿಲ್ಲ. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ವರದಿಯಲ್ಲಿರುವುದು ಆ ಗಳಿಗೆಯ ಫೋಟೋ.

ಮಧ್ಯಾಹ್ನ ಗಂಜಿ ಬಡಿಸುವಾಗ ಒಳಗಿನಿಂದ ಅತ್ತೆ, ಮಗ ಎಂತ ಹೇಳಿದ ಎಂದು ಮೂರನೇ ಸಲ ಕೇಳುತ್ತಿದ್ದರು.

"ಅಕ್ಕ, ತಪ್ಪಾಯ್ತು," ಎಂದೆ.

"ಎಂತ ಮಾಡುದು ಇನ್ನು. ಚಟ್ನಿ ಹಾಕ್ಲಾ ತಂಗಿ?"

ಸಂಜೆ ಪಿಕಪ್‌ನಲ್ಲಿ ಬೆಳ್ಳಾರೆಗೆ ವಾಪಸಾಗುವಾಗ ಅಧ್ಯಕ್ಷರು ಫೋಟೋಗಳನ್ನು ಗ್ರೂಪಿಗೆ ಹಾಕುತ್ತಿದ್ದರು. ಆಲಂಕಾರಿನಲ್ಲೂ ಒಬ್ಬ ಯೋಧರ ಮನೆಯುಂಟು, ಅಲ್ಲಿಗೂ ಮೈಕಿಗೆ ನೀನೇ ಎಂದರು. ನಾನು ಕೇಳಿದೆ:

"ಅಣ್ಣ, ನಾಳೆ ಬೆಳಗ್ಗೆ ಆ ಅಕ್ಕ ಆಸ್ಪತ್ರೆಗೆ ಎಂತ ಹೇಳುದು?"