ಬೆನ್ನ ಮೇಲಿನ ಬಿಳಿ ಗೆರೆ

ಮಹಬೂಬ್ ಚಾಚಾ ಎದುರು ಬಂದವರ ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದರು. "ತಿರುಗಲೇ!" ಎನ್ನುವುದೇ ಅವರ ನಮಸ್ಕಾರ. ಕೌಲ್ ಬಜಾರಿನ ನಮ್ಮ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಅವರದು ಇಸ್ತ್ರಿ ಕೆಲಸ. ಮೇಲೆ ತಗಡು, ಮುಂದೆ ಹಬೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಅಂಗಿಯ ಬೆನ್ನಲ್ಲೂ ಬೆವರು ಒಣಗಿ ಬಿಳಿ ಗೆರೆ ಬಿದ್ದಿರುತ್ತಿತ್ತು. ಅದನ್ನು ಬೆರಳಲ್ಲಿ ಉಜ್ಜಿ, "ಉಪ್ಪು ಹೊರಗ ಬಂದೈತಿ. ಬರೇ ನೀರು ಕುಡಿದ್ರ ಆಗಂಗಿಲ್ಲ, ಹೋದದ್ದು ಒಳಗ ಬರಬೇಕು" ಎಂದು ಮನೆಯಿಂದ ತಂದ ಉಪ್ಪು ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸುವರು. ಬೇಡವೆಂದರೆ ಬೈಗುಳ ಬೇರೆ!

ಒಂದು ಬೇಸಿಗೆ ನಾನು ಪೆದ್ದು ಕೆಲಸ ಮಾಡಿದೆ. ಅಪ್ಪನಿಗೆ ಬಿ.ಪಿ. ಬಂದು ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಅಪ್ಪನೊಬ್ಬನೇ ಸಪ್ಪೆ ಉಣ್ಣುವುದು ಹೇಗೆಂದು ಅವ್ವ ಮನೆಮಂದಿಗೆಲ್ಲ ಸಪ್ಪೆ ಅಡುಗೆ ಶುರು ಮಾಡಿದಳು. ಅಪ್ಪನ ಮೇಲಿನ ಪ್ರೀತಿಗೆ ನಾನು ಚಾಚಾನ ಮಜ್ಜಿಗೆಯನ್ನೂ ಬಿಟ್ಟು ಬಾಟಲಿಗಟ್ಟಲೆ ನೀರು ಕುಡಿದೆ. ವಾರದೊಳಗೆ ಮೀನಖಂಡ ಹಿಡಿದುಕೊಳ್ಳತೊಡಗಿತು, ವಾಕರಿಕೆ ಬೇರೆ. ಒಂದು ದಿನ ಹೊಲಿಗೆ ಯಂತ್ರದ ಮೇಲೆಯೇ ಕುಸಿದೆ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದವರು ಚಾಚಾ. ಅಪ್ಪನ ಪಥ್ಯದ ಕಥೆ ನನ್ನಿಂದ ಕೇಳಿ, ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ, ಸೋಡಿಯಂ, ಕ್ಲೋರೈಡ್ ಎರಡೂ ಇಳಿದಿವೆ ಎಂದರು.

"ಕ್ಲೋರೈಡ್ ಅಂದ್ರ ಎಲ್ಲಿ ಸಿಗತೈತ್ರಿ?" ಚಾಚಾಗೆ ಗಾಬರಿ.

"ಉಪ್ಪಿನಾಗ ಎರಡೂ ಅದಾವ್ರಿ," ಆಕೆ ನಕ್ಕರು. "ಮೈಯಾಗಿನ ನೀರಿನ ಹದ ಕಾಯತಾವ. ಉಂಡಿದ್ದು ಅರಗಾಕೂ ಕ್ಲೋರೈಡ್ ಬೇಕು. ಬೆವರಿದ್ರ ಹೊರಗ ಹೋಗತಾವ. ಆದ್ರ ಎಲ್ಲರಿಗೂ ಒಂದೇ ಅಳತಿ ಅಲ್ಲ, ಇವರಪ್ಪಗ ಕಡಿಮಿನೇ ಇರಲಿ."

ಚಾಚಾ ನನ್ನ ಕಡೆ ತಿರುಗಿದರು. "ಬಿ.ಪಿ. ನಿಮ್ಮಪ್ಪಗ, ಪಥ್ಯ ನಿನಗೇನಲೇ ಶಾಣ್ಯಾ?" ಬೈಯುತ್ತಿದ್ದರೂ ಅವರ ಕಣ್ಣು ಒದ್ದೆಯಾಗಿತ್ತು.

ಹೋದ ವರ್ಷ ಅವರಿಗೇ ಕಿಡ್ನಿ ಕೈಕೊಟ್ಟಿತು, ಡಾಕ್ಟರು ಉಪ್ಪು ಬಿಡಿಸಿದರು. ಕೆಲಸ ಬಿಟ್ಟು ಸಿರುಗುಪ್ಪದಲ್ಲಿ ಮಗಳ ಮನೆ ಸೇರಿದರು. ನೋಡಲು ಹೋದಾಗ ಮುಖ ಕಿವುಚಿಕೊಂಡು ಸಪ್ಪೆ ಗಂಜಿ ಕುಡಿಯುತ್ತಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಬೆನ್ನಲ್ಲಿ ಒಂದು ಗೆರೆಯೂ ಇಲ್ಲ.

"ತಿರುಗಲೇ," ಎಂದರು.

ತಿರುಗಿದೆ. ಅವರ ಬೆರಳು ನನ್ನ ಬೆನ್ನನ್ನು ಉಜ್ಜಿತು. ಅವರು ಒಳಗಿದ್ದ ಮಗಳನ್ನು ಕೂಗಿದರು: "ಬೇಟಿ, ಬಿಸಲಾಗ ಬಂದಾನ. ಇವನ ಮಜ್ಜಿಗಿಗೆ ಉಪ್ಪು ಹಾಕವ್ವ. ನನ್ನ ಪಾಲಿಂದು ಒಂದು ಚಿಟಿಕಿ ಹೆಚ್ಚಿಗಿ ಹಾಕು."

ಅದೇ ಕೊನೆಯ ಭೇಟಿ. ಈಗ ಶೆಡ್ಡಿಗೆ ಮಜ್ಜಿಗೆ ತರುವವನು ನಾನು. ಎಲ್ಲರನ್ನೂ ತಿರುಗಿಸಿ ಬೆನ್ನು ನೋಡುತ್ತೇನೆ. ನನ್ನನ್ನು ತಿರುಗೆನ್ನುವವರಿಲ್ಲ.